ಐದೆಲೆ ಬಳ್ಳಿಯ ಬುಡ

ಓರ್ಲೀನಾ ಮಲಿನ್ಸ್ ಪಾತ್ರೆ ತೊಳೆಯಲು ನಿಂತರೆ ಎದುರಿನ ಕಿಟಕಿಯಲ್ಲಿ ದಿಬ್ಬ ಕಾಣುತ್ತದೆ. ದಿಬ್ಬದ ನೆತ್ತಿಯಲ್ಲಿ ಅವಳ ಗಂಡನ ಮನೆತನದವರ ಗೋರಿಗಳು. ಬೇಸಿಗೆಯಲ್ಲಿ ಕೆಳಗಿನಿಂದ ನೋಡಿದರೆ ಬರೀ ಹಸಿರು, ಒಂದು ಕಲ್ಲೂ ಕಣ್ಣಿಗೆ ಬೀಳುವುದಿಲ್ಲ. ಆದರೆ ಸೆಪ್ಟೆಂಬರ್ ಎರಡನೆಯ ವಾರದಲ್ಲಿ, ಮೇಪಲ್ ಮರಗಳಿಗೆ ಚಳಿಯ ಸುದ್ದಿಯೇ ಇನ್ನೂ ಮುಟ್ಟಿರದ ಹೊತ್ತಿಗೆ, ಹಿಂದಿನ ಮೂಲೆಯಲ್ಲಿ ಒಂದೇ ಒಂದು ಕಡೆ ಕೆಂಪಾಗುತ್ತದೆ. ಬೀಟ್‌ರೂಟ್ ಹೆಚ್ಚಿದ ಕೈಯ ಕೆಂಪು. ಅದು ಐದೆಲೆ ಬಳ್ಳಿ. ಅದರ ಕೆಳಗೆ ಓರ್ಲೀನಾಳ ಚೊಚ್ಚಲ ಮಗಳು ಡೆಲ್ಫಿ ಮಲಗಿದ್ದಾಳೆ. ವರ್ಷಕ್ಕೆ ಮೂರು ವಾರ ಮಗಳು ಅಲ್ಲಿಂದ ಕೈ ಬೀಸುತ್ತಾಳೆ ಎಂದು ಓರ್ಲೀನಾ ಬಾಯಿಬಿಟ್ಟು ಯಾರಿಗೂ ಹೇಳಿದವಳಲ್ಲ. ಆ ಮೂರು ವಾರ ಪಾತ್ರೆ ಮಾತ್ರ ನಿಧಾನವಾಗಿ ತೊಳೆಯುತ್ತಾಳೆ.

ಡೆಲ್ಫಿ ಬದುಕಿದ್ದು ಒಂಬತ್ತು ದಿನ. ಅರವತ್ತೈದನೆಯ ಇಸವಿಯ ಫೆಬ್ರವರಿ. ಮೊಣಕಾಲೆತ್ತರ ಹಿಮ ಬಿದ್ದಿತ್ತು. ಓರ್ಲೀನಾಳಿಗೆ ಆಗ ಹದಿನೆಂಟು, ಬಾಣಂತಿ. ದಿಬ್ಬ ಹತ್ತಲು ಯಾರೂ ಬಿಡಲಿಲ್ಲ. ಅವಳ ಗಂಡ ಹೋಬರ್ಟ್ ಮತ್ತು ಅವನ ತಮ್ಮ ಎಮೆಟ್ ಹೆಪ್ಪುಗಟ್ಟಿದ ನೆಲದ ಮೇಲೆ ಅರ್ಧ ದಿನ ಬೆಂಕಿ ಹಾಕಿ, ಮಣ್ಣು ಮೆತ್ತಗಾದ ಮೇಲೆ ಅಗೆದರು. ಹೆಸರು ಕೆತ್ತಿಸಿದ ಕಲ್ಲಿಲ್ಲ. ತೊರೆಯಿಂದ ತಂದ ಒಂದು ಚಪ್ಪಟೆ ಕಲ್ಲು. ಅಂಥ ಹೆಸರಿಲ್ಲದ ಕಲ್ಲುಗಳು ಆ ದಿಬ್ಬದ ಮೇಲೆ ಹನ್ನೊಂದಿವೆ. ಯಾವುದು ಯಾರದು ಎಂದು ಮನೆಯವರು ಬಾಯಲ್ಲೇ ಇಟ್ಟುಕೊಂಡು ಬಂದಿದ್ದಾರೆ.

ಏಪ್ರಿಲ್‌ನಲ್ಲಿ ಅತ್ತೆ ಜೆಲ್ಲಾ ಸೊಸೆಯನ್ನು ಮೇಲಕ್ಕೆ ಕರೆದುಕೊಂಡು ಹೋದಳು. ಅವಳ ಕಂಕುಳಲ್ಲಿ ಎಲೆಕೋಸು ಹುಳಿಗೆ ಹಾಕುವ ಭರಣಿಯೊಂದಿತ್ತು, ತಳ ಒಡೆದದ್ದು. ಕೈಯಲ್ಲಿ ಬೇರು ಬಿಟ್ಟ ಒಂದು ಬಳ್ಳಿಯ ತುಂಡು. ಕಲ್ಲಿನ ತಲೆಗೆ ಆ ಭರಣಿಯನ್ನು ಅಂಚಿನವರೆಗೂ ಹೂತು, ಒಳಗೆ ಬಳ್ಳಿ ನೆಟ್ಟಳು.

"ಇದೇ ಯಾಕತ್ತೆ?" ಎಂದು ಓರ್ಲೀನಾ ಕೇಳಿದ್ದಳು. "ಗುಲಾಬಿ ಹಾಕಬೋದಿತ್ತಲ್ಲ."

"ಗುಲಾಬಿ ಹಾಕಿದ್ರೆ ನೀರು ಹಾಕೋರು ಬೇಕು. ಇದು ಯಾರೂ ತಿರುಗಿ ನೋಡ್ದಿದ್ರೂ ಬದುಕ್ತದೆ ಕಣೇ. ಭರಣಿ ಇದ್ರೆ ಕುಡುಗೋಲು ತಗಲಲ್ಲ, ಅಷ್ಟೇ. ನಾವು ಎಲ್ಲಿರ್ತೀವೋ ಏನೋ."

ಎಲ್ಲಿರುತ್ತೇವೋ ಎಂದದ್ದು ನಿಜವಾಯಿತು. ಅದೇ ಆಗಸ್ಟ್‌ನಲ್ಲಿ ಊರಿನ ಕಲ್ಲಿದ್ದಲ ಗಣಿ ಮುಚ್ಚಿತು. ಹೋಬರ್ಟ್ ಹೆಂಡತಿಯನ್ನು ಕರೆದುಕೊಂಡು ಒಹಾಯೊಗೆ, ಕಾರಿನ ಬಿಡಿಭಾಗಗಳ ಕಾರ್ಖಾನೆಗೆ ಹೋದ. ಮರುವರ್ಷ ಜೆಲ್ಲಾ ತೀರಿಕೊಂಡಳು. ಎಮೆಟ್ ಕೂಡ ಅಣ್ಣನ ಹಿಂದೆಯೇ ಒಹಾಯೊ ಸೇರಿದ. ಇಪ್ಪತ್ತೊಂದು ವರ್ಷದಲ್ಲಿ ಮೇ ತಿಂಗಳಲ್ಲಿ ಮನೆತನದವರೆಲ್ಲ ಸೇರಿ ಗೋರಿಗಳಿಗೆ ಹೂವಿಟ್ಟು ಅಲ್ಲೇ ಉಣ್ಣುವ ಅಲಂಕಾರದ ಭಾನುವಾರಕ್ಕೆಂದು ಅವರು ಊರಿಗೆ ಬಂದದ್ದು ಮೂರು ಸಲ. ಬಂದಾಗಲೂ ಮುಂದಿನ ಸಾಲಿನ ಗೋರಿಗಳನ್ನಷ್ಟೇ ಗುಡಿಸಿ ಹೂ ಇಟ್ಟು ಹೋದರು. ಹಿಂದಿನ ಮೂಲೆ ಮುಳ್ಳುಪೊದೆಯೊಳಗೆ ಮುಚ್ಚಿಹೋಗಿತ್ತು.

ಎಂಬತ್ತಾರರಲ್ಲಿ ಊರಿಗೆ ಮರಳಿದ ಮೇಲೆ ಅಣ್ಣತಮ್ಮಂದಿರು ಪೊದೆ ಕಡಿದು, ಕೊಳೆತುಹೋಗಿದ್ದ ಮರದ ಬೇಲಿಯ ಬದಲು ಆಚೆಗೆ ತಂತಿಯ ಬೇಲಿ ಹಾಕಿದರು. ಓರ್ಲೀನಾ ಐದೆಲೆ ಬಳ್ಳಿಯನ್ನು ಹುಡುಕಿಕೊಂಡು ಹೋದಳು. ತಂತಿ ಬೇಲಿಯ ಹತ್ತಿರ ಅದು ಗುಡಾರದ ಹಾಗೆ ದಟ್ಟವಾಗಿತ್ತು. ಕೆಳಗೊಂದು ತೊರೆಯ ಕಲ್ಲೂ ಇತ್ತು. ಭರಣಿ ಮಾತ್ರ ಇರಲಿಲ್ಲ.

"ಇಲ್ಲೇ ಇರ್ಬೇಕು," ಎಂದ ಹೋಬರ್ಟ್, ಸುತ್ತ ನೋಡಿ.

'ಇಲ್ಲೇ' ಎನ್ನಲಿಲ್ಲ, 'ಇಲ್ಲೇ ಇರ್ಬೇಕು' ಎಂದ. ಓರ್ಲೀನಾ ಆ ಮಾತನ್ನು ಕೇಳಿಸಿಕೊಂಡಳು. ಭರಣಿ ಎಲ್ಲೋ ಒಡೆದು ಹೋಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡು ಹೂ ಇಟ್ಟಳು. ಅಂದಿನಿಂದ ಮೂವತ್ತೇಳು ಮೇ ತಿಂಗಳು ಅದೇ ಕಲ್ಲಿಗೆ ಹೂ ಇಟ್ಟಿದ್ದಾಳೆ. ಬಣ್ಣದ ಕಾಗದದಲ್ಲಿ ತಾನೇ ಕತ್ತರಿಸಿ, ಮಳೆಗೆ ಕರಗದಂತೆ ಮೇಣದಲ್ಲಿ ಅದ್ದಿದ ಹೂಗಳು. ಈಚಿನ ಎರಡು ವರ್ಷ ಮಂಡಿ ಕೈಕೊಟ್ಟು, ಎಮೆಟ್‌ನ ಮಗಳು ಟ್ರೆಸ್ಸಾಳ ಕೈಯಲ್ಲಿ ಕಳಿಸುತ್ತಿದ್ದಳು. ಅಷ್ಟರಲ್ಲಿ ಹೋಬರ್ಟ್ ಕೂಡ ಮುಂದಿನ ಸಾಲಿಗೆ ಸೇರಿಯಾಗಿತ್ತು, ಎಮೆಟ್ ಅವನ ಪಕ್ಕಕ್ಕೆ.

ಈಗ ಗೋರಿಗಳ ಉಸ್ತುವಾರಿ ಟ್ರೆಸ್ಸಾಳ ಗಂಡ ಗಾರ್ಲೆಂಡ್‌ನದು. ಒಳ್ಳೆಯ ಮನುಷ್ಯ, ಕೆಲಸದಲ್ಲಿ ಕಳ್ಳತನವಿಲ್ಲ. ಆದರೆ ಬಯಲುಸೀಮೆಯ ಪಟ್ಟಣದಲ್ಲಿ ಬೆಳೆದವನು. ಹೋದ ವರ್ಷ ಹಿಂದಿನ ಮೂಲೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರ ತಿರುಗಿಸಿ, ಸೋಕಿದರೆ ಮೈಯೆಲ್ಲ ಗುಳ್ಳೆಯೇಳಿಸುವ ನಂಜಿನ ಬಳ್ಳಿಯ ರಸ ಮುಖಕ್ಕೆಲ್ಲ ಸಿಡಿದು, ಎರಡು ಕಣ್ಣೂ ಊದಿ ಮುಚ್ಚಿಕೊಂಡು ಮೂರು ವಾರ ಮಲಗಿದ್ದ. ಅಲಂಕಾರದ ಊಟಕ್ಕೆ ಬಂದವರೆಲ್ಲ ಅವನನ್ನು ನೋಡಿ ಹೋಗುವುದಕ್ಕೆ ಮನೆ ಬಾಗಿಲಿಗೆ ಸಾಲು ನಿಂತಿದ್ದರು.

ಈ ವರ್ಷ ಅಲಂಕಾರದ ಭಾನುವಾರ ಮೂರು ದಿನವಿದೆ ಎನ್ನುವಾಗ ಗಂಡಹೆಂಡತಿ ಓರ್ಲೀನಾಳ ಅಡುಗೆಮನೆಗೆ ಬಂದರು. ಅವಳು ಬೀನ್ಸ್ ಕಾಳಿನ ಸಾರು, ಮೆಕ್ಕೆಜೋಳದ ಬ್ರೆಡ್ಡು ಮುಂದಿಟ್ಟಳು. ಗಾರ್ಲೆಂಡ್ ಬ್ರೆಡ್ಡು ಮುರಿದು ಸಾರಿಗೆ ಹಾಕಿಕೊಳ್ಳುತ್ತ, "ಅತ್ತೆ, ಈ ಸಲ ಹಿಂದಿನ ಮೂಲೆಗೆ ಕಳೆನಾಶಕ ಹೊಡೆದುಬಿಡ್ತೀನಿ. ಡಬ್ಬ ಗಾಡೀಲೇ ಇದೆ," ಎಂದ.

"ಹಿಂದಿನ ಮೂಲೇಲಿ ಯಾವ್ದಕ್ಕೆ?"

"ಆ ಬೇಲಿ ತುಂಬಾ ಹಬ್ಬಿದೆಯಲ್ಲ, ನಂಜಿನ ಬಳ್ಳಿ. ಅದಕ್ಕೆ."

ಓರ್ಲೀನಾ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು. "ಅದು ಐದೆಲೆ ಬಳ್ಳಿ ಕಣಪ್ಪ."

"ಇಲ್ಲತ್ತೆ, ಮೂರೆಲೆ. ನಾನೇ ನಿಂತ್ಕೊಂಡು ಎಣಿಸಿದೀನಿ. ಫೋನಿಗೂ ಫೋಟೋ ತೋರಿಸ್ದೆ. ಅದೂ ನಂಜಿನ ಬಳ್ಳಿ ಅಂತ್ಲೇ ಹೇಳ್ತು."

"ಫೋನಿಗೆ ಯಾವತ್ತಾದ್ರೂ ಮೈ ತುರಿಸಿದ್ಯಾ?"

ಟ್ರೆಸ್ಸಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಗಾರ್ಲೆಂಡ್ ನಗಲಿಲ್ಲ. "ನಗು ನೀನು. ಹೋದ ವರ್ಷ ನನಗೆ ಸ್ಟ್ರಾದಲ್ಲಿ ಗಂಜಿ ಕುಡಿಸಿದ್ದು ಮರೆತುಹೋಯ್ತಾ?"

"ದೊಡ್ಡಮ್ಮ, ಇವ್ರಿಗೆ ಗೊತ್ತಿಲ್ಲ," ಎಂದಳು ಟ್ರೆಸ್ಸಾ ಗಂಭೀರಳಾಗಿ. "ನಾನೂ ಹೇಳಿರ್ಲಿಲ್ಲ."

ಹಾಗಾಗಿ ಓರ್ಲೀನಾಳೇ ಹೇಳಬೇಕಾಯಿತು. "ಅಲ್ಲಿ ನನ್ನ ಮಗು ಇದೆಯಪ್ಪ. ಕಲ್ಲಿನ ಮೇಲೆ ಹೆಸರಿಲ್ಲ. ಆ ಬಳ್ಳಿನೇ ಅವಳ ಹೆಸರು. ಅದು ಹೋಯ್ತು ಅಂದ್ರೆ ನಾನಿರೋವರೆಗೂ ನನಗೆ ಗೊತ್ತಿರ್ತದೆ, ಆಮೇಲೆ ಯಾರಿಗೂ ಗೊತ್ತಿರಲ್ಲ."

ಗಾರ್ಲೆಂಡ್ ಚಮಚ ಕೆಳಗಿಟ್ಟ. ಆಮೇಲೆ, "ಆದ್ರೆ ಭಾನುವಾರ ಅಲ್ಲಿ ಮಕ್ಕಳು ಓಡಾಡ್ತಾರೆ, ಅತ್ತೆ. ನನಗಾದ ಹಾಗೆ ಒಂದು ಮಗೂಗಾದ್ರೆ?" ಎಂದ.

ಅದೂ ನ್ಯಾಯವಾದ ಮಾತೇ. ಓರ್ಲೀನಾ ಅದನ್ನು ತಲೆಯಲ್ಲಿ ಎರಡು ಸಲ ತಿರುಗಿಸಿ ನೋಡಿದಳು. ಬಳ್ಳಿಯನ್ನು ಅವಳು ಕಣ್ಣಾರೆ ಕಂಡು ಎರಡು ವರ್ಷವಾಗಿತ್ತು. ಎರಡು ವರ್ಷದಲ್ಲಿ ಅದರೊಳಗೆ ಏನು ಬಂದು ಸೇರಿಕೊಂಡಿದೆಯೋ ಅವಳಿಗೇನು ಗೊತ್ತು? ನೋಡದ ವಸ್ತುವಿಗೆ ಆಣೆ ಇಡುವ ಹೆಂಗಸು ಅವಳಲ್ಲ.

"ನೋಡ್ದೇ ನಾನೂ ಐದೆಲೆ ಅನ್ನಲ್ಲ, ನೋಡ್ದೇ ನೀನೂ ಹೊಡೀಬೇಡ. ನನ್ನನ್ನ ಮೇಲಕ್ಕೆ ಕರ್ಕೊಂಡು ಹೋಗು. ನಾನು ನೋಡಿ ನಂಜಿನದು ಅಂದ್ರೆ ನಿನ್ನ ಡಬ್ಬ ನಾನೇ ಹಿಡ್ಕೊಂಡು ನಿಂತ್ಕೋತೀನಿ."

"ಮೇಲಕ್ಕೆ ಹೆಂಗೆ ದೊಡ್ಡಮ್ಮ? ನಿಮ್ಮ ಮಂಡಿ..."

"ಅಳಿಯ ದೇವ್ರಿಗೆ ನಾಲ್ಕು ಗಾಲಿಯ ಮೋಟಾರ್ ಬಂಡಿ ಇದೆಯಲ್ಲ, ಬೇಟೆಯ ಜಿಂಕೆ ಹೇರ್ಕೊಂಡು ಬರೋದು. ಜಿಂಕೆಗಿಂತ ನಾನೇನು ಜಾಸ್ತಿ ಭಾರವಾ?"

ಓರ್ಲೀನಾ ಹುಟ್ಟಿದ್ದು ಗಣಿಯ ಕಂಪನಿ ಮನೆಗಳ ಸಾಲಿನಲ್ಲಿ. ಅಲ್ಲಿ ಕಲ್ಲಿದ್ದಲ ಪುಡಿ ಬಿಟ್ಟರೆ ಬೇರೆ ಏನೂ ಗೋಡೆಗೆ ಅಂಟುತ್ತಿರಲಿಲ್ಲ. ಮೂರನೆಯ ತರಗತಿಗೇ ಶಾಲೆ ಬಿಟ್ಟು ತಂಗಿಯರನ್ನು ಎತ್ತಿ ಆಡಿಸಿದವಳು. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ, ಅತ್ತೆಗೆ ಒಳ್ಳೆಯವಳಾಗಬೇಕೆಂದು ಕೋಳಿಗೂಡಿನ ಗೋಡೆಯ ಬಳ್ಳಿಯನ್ನೆಲ್ಲ ಕಿತ್ತು ಗೋಡೆ ಚೊಕ್ಕಟ ಮಾಡಿದಳು. ಸಾಯಂಕಾಲದ ಹೊತ್ತಿಗೆ ಕುತ್ತಿಗೆಯಿಂದ ಮೊಣಕೈವರೆಗೆ ಗುಳ್ಳೆ. ಜೆಲ್ಲಾ ಬೈಯಲಿಲ್ಲ. ತೊರೆಯ ಪಕ್ಕ ಬೆಳೆಯುವ, ಕರ್ಣಕುಂಡಲದ ಜಾತಿಯ ನೀರುದಂಟಿನ ಗಿಡ ಜಜ್ಜಿ ಕುದಿಸಿ, ಆರಿಸಿ, ಹತ್ತು ದಿನ ಸೊಸೆಯ ಮೈಗೆ ತಾನೇ ಬಟ್ಟೆಯಲ್ಲಿ ಅದ್ದಿ ಹಚ್ಚಿದಳು. ಹನ್ನೊಂದನೆಯ ದಿನ ಕೋಳಿಗೂಡಿನ ಹತ್ತಿರ ನಿಲ್ಲಿಸಿ ಕಲಿಸಿದಳು.

"ಎಲೆ ಎಣಿಸ್ಬೇಡ. ಎಲೆ ಮೋಸ ಮಾಡ್ತದೆ. ಎಳೇದಿದ್ದಾಗ ಐದೆಲೆಯೂ ಮೂರು ಬಿಡ್ತದೆ. ಗೋಡೆನ ಅದು ಹೆಂಗೆ ಹಿಡ್ಕೊಂಡಿದೆ, ಅದನ್ನ ನೋಡು."

ಒಂದು ಬಳ್ಳಿ ಗೆಣ್ಣುಗೆಣ್ಣಿಗೆ, ಎಲೆಯ ಎದುರು ಪಕ್ಕದಿಂದ, ತೆಳುವಾದ ಕುಡಿಯೊಂದನ್ನು ಚಾಚಿತ್ತು. ಆ ಕುಡಿ ನಾಲ್ಕೈದು ಕವಲಾಗಿ, ಪ್ರತಿ ಕವಲಿನ ತುದಿಯಲ್ಲೂ ಸಾಸಿವೆ ಗಾತ್ರದ ಒಂದು ಚಪ್ಪಟೆ ಬಿಲ್ಲೆ. ಮರಗಪ್ಪೆಯ ಬೆರಳಿನ ತುದಿಯ ಹಾಗೆ. ಬಳ್ಳಿ ಎಳೆದರೆ ಬಳ್ಳಿ ಬಂತು, ಬಿಲ್ಲೆಗಳು ಗೋಡೆಯಲ್ಲೇ ಉಳಿದವು. ಇನ್ನೊಂದು ಬಳ್ಳಿಯಲ್ಲಿ ಅಂಥ ಕುಡಿಯೇ ಇರಲಿಲ್ಲ. ಕಾಂಡದ ಒಂದು ಮಗ್ಗುಲಿನ ಉದ್ದಕ್ಕೂ ಒರಟು ಕೂದಲಿನಂಥ ಬೇರುಗಳು ಬಂದು ಗೋಡೆಯನ್ನು ತಬ್ಬಿದ್ದವು, ಕಂಬಳಿಹುಳ ಅಂಟಿಕೊಂಡ ಹಾಗೆ.

"ಇದು ದ್ರಾಕ್ಷಿ ಮನೆತನದ್ದು," ಎಂದು ಜೆಲ್ಲಾ ಮೊದಲನೆಯದನ್ನು ತೋರಿಸಿದಳು. "ಆ ಮನೆಯವ್ರಿಗೆಲ್ಲ ಕೈ ಇರ್ತದೆ. ಆ ಇನ್ನೊಂದಕ್ಕೆ ಕೈಯಿಲ್ಲ, ಬರೀ ಕೂದಲು. ಚಳಿಗಾಲದಲ್ಲಿ ಒಂದೂ ಎಲೆ ಇಲ್ದಿದ್ರೂ ಇಷ್ಟು ಗೊತ್ತಿದ್ರೆ ಸಾಕು."

ಅಮ್ಮನಿಂದ ಸಿಗದ ಪಾಠ ಅತ್ತೆಯಿಂದ ಸಿಕ್ಕಿತು ಎಂದು ಓರ್ಲೀನಾ ಇವತ್ತಿಗೂ ಪ್ರಾರ್ಥನೆಯಲ್ಲಿ ಜೆಲ್ಲಾಳ ಹೆಸರು ಮೊದಲು ಹೇಳುತ್ತಾಳೆ, ಗಂಡನದು ಆಮೇಲೆ.

ಶುಕ್ರವಾರ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಹೊರಟರು. ಓರ್ಲೀನಾ ಹೋಬರ್ಟ್‌ನ ಉದ್ದ ತೋಳಿನ ಅಂಗಿ, ಅಗಲ ಅಂಚಿನ ಟೋಪಿ ಹಾಕಿಕೊಂಡು, ಬ್ರೆಡ್ಡಿನ ಖಾಲಿ ಪ್ಲಾಸ್ಟಿಕ್ ಚೀಲಗಳ ಒಂದು ಕಂತೆ, ರಬ್ಬರ್ ಬ್ಯಾಂಡು, ಕೌದಿಗೆ ಹೊಲಿದು ಮಿಕ್ಕ ಕೆಂಪು ಬಟ್ಟೆಯ ಚೂರುಗಳು, ಪಾತ್ರೆ ತೊಳೆಯುವ ಸೋಪು, ಒಂದು ಕ್ಯಾನು ತಣ್ಣೀರು, ಎಲ್ಲವನ್ನೂ ಬಕೆಟ್ಟಿನಲ್ಲಿಟ್ಟುಕೊಂಡು ಬಂಡಿಯ ಮೇಲೆ ಗಾರ್ಲೆಂಡ್‌ನ ಬೆನ್ನಿಗೆ ಕೂತಳು. ಟ್ರೆಸ್ಸಾ ನಡೆದು ಬಂದಳು.

"ಗಟ್ಟಿಯಾಗಿ ಹಿಡ್ಕೊಳ್ಳಿ ಅತ್ತೆ."

"ಹಿಡ್ಕೊಂಡಿದೀನಿ."

"ಸೊಂಟ ಹಿಡ್ಕೊಳ್ಳಿ, ಅಂಗಿ ಅಲ್ಲ."

"ಹೋಬರ್ಟ್ ಮೇಲಿಂದ ನೋಡ್ತಿರ್ತಾನೆ ಕಣಪ್ಪ. ನಿಧಾನಕ್ಕೆ ಹೊಡಿ, ಅವನಿಗೂ ನೋಡಕ್ಕೆ ಟೈಮ್ ಸಿಗ್ಲಿ."

ಮೇಲೆ ಹೋದಾಗ ಮುಂದಿನ ಸಾಲು ಗುಡಿಸಿ ಮಣ್ಣು ಏರಿಸಿ ಚೊಕ್ಕಟವಾಗಿತ್ತು. ಗಾರ್ಲೆಂಡ್‌ನ ಕೆಲಸ. ಗೋರಿಯ ಮೇಲೆ ಒಂದು ಹುಲ್ಲುಕಡ್ಡಿ ಇರಬಾರದೆನ್ನುವುದು ಹಳಬರ ಕ್ರಮ, ಪಟ್ಟಣದವನಾದರೂ ಅದನ್ನು ಬಿಟ್ಟಿರಲಿಲ್ಲ. ಓರ್ಲೀನಾ ಹೋಬರ್ಟ್‌ನ ಕಲ್ಲಿನ ಮೇಲೆ ಕೈಯಿಟ್ಟು, "ಬಂದೆ," ಎಂದಷ್ಟೇ ಹೇಳಿ ಹಿಂದಿನ ಮೂಲೆಗೆ ಕೋಲೂರಿಕೊಂಡು ಹೋದಳು.

ಬೇಲಿ ಎಲ್ಲಿ, ಬಳ್ಳಿ ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ಅವಳು ಬಕೆಟ್ಟು ಬೋರಲು ಹಾಕಿಕೊಂಡು ಎರಡು ಮಾರು ದೂರದಲ್ಲಿ ಕೂತಳು. ಕೂತವಳು ಕಾಲು ಗಂಟೆ ಬಳ್ಳಿಯನ್ನೇ ನೋಡಿದಳು, ಏನೂ ಮುಟ್ಟಲಿಲ್ಲ. ಗಾರ್ಲೆಂಡ್ ಕಾಲು ಬದಲಿಸಿ ಬದಲಿಸಿ ನಿಂತ.

"ಏನತ್ತೆ?"

"ನಿನ್ನ ಫೋನಿಗೆ ಯಾವ್ದನ್ನ ತೋರಿಸ್ದೆ?"

ಅವನು ದೂರದಿಂದಲೇ ಕೋಲು ಚಾಚಿ ತೋರಿಸಿದ. ನೆಲದಿಂದ ಆಗತಾನೆ ಎದ್ದ ಕೆಂಚಗಿನ ಚಿಗುರು. ಮೂರೇ ಎಲೆ.

ಅವಳು ಎರಡೂ ಕೈಗೆ ಬ್ರೆಡ್ಡಿನ ಚೀಲ ತೊಟ್ಟು, ಮೊಣಕೈಗೆ ರಬ್ಬರ್ ಬ್ಯಾಂಡು ಹಾಕಿಸಿಕೊಂಡು, ಹತ್ತಿರ ಸರಿದು ಆ ಚಿಗುರನ್ನು ಕೋಲಿನಿಂದ ಓರೆಯಾಗಿಸಿದಳು. "ಬಾ ಇಲ್ಲಿ, ಬಗ್ಗಿ ನೋಡು. ಹೆದರ್ಬೇಡ, ಮುಟ್ಟು ಅಂತ ಹೇಳ್ತಿಲ್ಲ. ಎಲೆ ಎದುರಿಗೆ ಏನು ಕಾಣ್ತದೆ?"

"ದಾರದ ಹಾಗೆ... ಕವಲು ಕವಲು."

"ತುದೀಲಿ?"

"ಚಿಕ್ಕ ಚಿಕ್ಕ ಗುಂಡು. ಅಂಟ್ಕೊಂಡಿದೆ ಕಲ್ಲಿಗೆ."

"ಕೈ ಅದು. ನಿನ್ನ ಫೋನು ಎಲೆ ಎಣಿಸ್ತು, ಕೈ ನೋಡ್ಲಿಲ್ಲ. ಇದು ಐದೆಲೆ. ಎಳೇ ಕೂಸು, ಇನ್ನೂ ಐದು ಬಿಟ್ಟಿಲ್ಲ."

"ಹಂಗಾದ್ರೆ ಎಲ್ಲಾ ಐದೆಲೆನೇ!" ಎಂದಳು ಟ್ರೆಸ್ಸಾ ಹಿಂದಿನಿಂದ, ಗೆದ್ದ ಹಾಗೆ.

ಓರ್ಲೀನಾ ತಲೆಯಾಡಿಸಿದಳು. "ಅಲ್ಲ ಕಣೇ. ಹಂಗಂದಿದ್ರೆ ನನಗೆ ಸುಲಭವಾಗ್ತಿತ್ತು. ಅಲ್ಲಿ ನೋಡು, ಕಂಬದ ಪಕ್ಕ. ನಡುವಿನ ಎಲೆಗೆ ಮಾತ್ರ ಉದ್ದ ತೊಟ್ಟು. ಪಕ್ಕದ ಎರಡು, ಹೆಬ್ಬೆರಳು ಚಾಚಿದ ಕೈಗವಸಿನ ಹಾಗೆ ಒಂದು ಮಗ್ಗುಲು ಅಗಲ. ಕಾಂಡ ಪೂರ್ತಿ ಕೂದಲು. ನಿನ್ನ ಗಂಡ ಹೇಳಿದ್ದೂ ನಿಜ. ಎರಡೂ ಇದೆ ಇಲ್ಲಿ, ಒಂದರೊಳಗೊಂದು ಹೆಣೆದುಕೊಂಡು."

ಗಾರ್ಲೆಂಡ್ ಉಸಿರು ಬಿಟ್ಟ. "ಹಾಗಾದ್ರೆ ಬಿಡಿಸೋದು ಹೆಂಗೆ? ಒಂದಕ್ಕೆ ಹೊಡೆದ್ರೆ ಇನ್ನೊಂದಕ್ಕೂ ತಗಲ್ತದೆ."

"ಒಂದೊಂದಾಗಿ. ಬೇರೆ ದಾರಿ ಇಲ್ಲ. ನೀನು ಉದ್ದ ಹಿಡಿಯ ಕತ್ತರಿ ತಂದಿದ್ದೀಯಲ್ಲ, ಅದು ಸಾಕು. ಕೆಂಪು ಬಟ್ಟೆ ಕಟ್ಟಿದ್ದು ನಮ್ಮದು. ಕಟ್ಟದೇ ಇರೋದರ ಬುಡ ಕಡಿ, ಎಳೀಬೇಡ. ಸುಡೋದಂತೂ ಬೇಡವೇ ಬೇಡ, ಹೊಗೆ ಎದೆಗೆ ಹೋದ್ರೆ ಹೋದ ವರ್ಷದ ನಿನ್ನ ಕಣ್ಣು ಏನೂ ಅಲ್ಲ ಅನ್ನಿಸ್ತದೆ."

ಹಾಗೆ ಶುರುವಾಯಿತು. ಓರ್ಲೀನಾ ಬಕೆಟ್ಟಿನ ಮೇಲೆ ಕೂತು, ಒಂದು ಕಾಂಡ ಹಿಡಿದು, ಅದರ ಕೈ ಹುಡುಕಿ, ಸಿಕ್ಕರೆ ಕೆಂಪು ಚೂರು ಕಟ್ಟುತ್ತಿದ್ದಳು. ಟ್ರೆಸ್ಸಾ ಚೂರು ಕೊಡುತ್ತಿದ್ದಳು. ಗಾರ್ಲೆಂಡ್ ಉಳಿದದ್ದನ್ನು ಬುಡಕ್ಕೆ ಕತ್ತರಿಸಿ, ಕೋಲಿನಿಂದ ಬೇರ್ಪಡಿಸಿ ದೂರಕ್ಕೆ ಒಟ್ಟುತ್ತಿದ್ದ. ಬೇಲಿಯ ಒಂದು ಮಾರು ಮುಗಿಯುವುದಕ್ಕೆ ಒಂದು ಗಂಟೆ ಹಿಡಿಯಿತು.

"ಅತ್ತೆ, ಇದಕ್ಕೆ ಕೆಂಪು ಕಟ್ಟಿದ್ದೀರಿ," ಎಂದ ಗಾರ್ಲೆಂಡ್ ಒಂದು ಸಲ, ಅನುಮಾನದಿಂದ. "ಆದ್ರೆ ಮೇಲೆ ಕೂದಲಿದೆ."

ಅವಳು ಕನ್ನಡಕ ಏರಿಸಿ ನೋಡಿದಳು. ಐದೆಲೆಯ ಕಾಂಡಕ್ಕೆ ನಂಜಿನದು ಸುತ್ತಿಕೊಂಡು ಹೋಗಿತ್ತು. ಅವಳ ಕಣ್ಣು ಒಂದರಿಂದ ಇನ್ನೊಂದಕ್ಕೆ ಜಾರಿಬಿಟ್ಟಿತ್ತು. "ಹೌದಪ್ಪ, ತಪ್ಪಾಯ್ತು. ಒಳ್ಳೇದಾಯ್ತು ನೀನು ನೋಡಿದ್ದು," ಎಂದು ಚೂರು ಬಿಚ್ಚಿ ಸರಿಯಾದದ್ದಕ್ಕೆ ಕಟ್ಟಿದಳು. ಆಮೇಲೆ ಗಾರ್ಲೆಂಡ್ ಪ್ರತಿಯೊಂದನ್ನೂ ಬಗ್ಗಿ ನೋಡಿ, "ಕೈ," "ಕೂದಲು," "ಕೈ," ಎಂದು ತಾನೇ ಹೇಳತೊಡಗಿದ. ಊಟದ ಹೊತ್ತಿಗೆ ಅವನು ಒಂದೂ ತಪ್ಪುತ್ತಿರಲಿಲ್ಲ.

ಮಧ್ಯಾಹ್ನ ಬೇಲಿಯ ಕೆಲಸ ಮುಗಿಯಿತು. ನಂಜಿನದೆಲ್ಲ ಹೋಗಿ, ಕೆಂಪು ಚೂರುಗಳನ್ನು ಕಟ್ಟಿದ್ದ ಐದೆಲೆ ಮಾತ್ರ ತಂತಿಯ ಮೇಲೆ ಉಳಿಯಿತು. ಕೆಳಗೆ ಅವಳು ಮೂವತ್ತೇಳು ಸಲ ಹೂ ಇಟ್ಟ ಕಲ್ಲು ಬಿಸಿಲಿಗೆ ಬಂತು.

ಆಗಲೇ ಅವಳು ಒಂದು ವಿಷಯ ಗಮನಿಸಿದ್ದು. ಆ ಕಲ್ಲಿನ ಹತ್ತಿರ ಐದೆಲೆಗೆ ಬುಡವೇ ಇರಲಿಲ್ಲ. ಅಲ್ಲಲ್ಲಿ ನೆಲಕ್ಕೆ ಸಣ್ಣ ಬೇರು ಬಿಟ್ಟಿತ್ತು, ಅಷ್ಟೆ. ಬೆರಳು ಗಾತ್ರದ ಕಾಂಡಗಳೆಲ್ಲ ಎಲ್ಲಿಂದಲೋ ಬಂದು ಬೇಲಿ ಹತ್ತಿದ್ದವು. ಬೇಲಿಯಿಂದ ಈಚೆಗೆ, ಗೋರಿಗಳ ಕಡೆಯಿಂದ.

ಎಷ್ಟೋ ವರ್ಷಗಳ ಹಿಂದೆ ಪಕ್ಕಕ್ಕೆ ತಳ್ಳಿದ್ದ ಮಾತು ಎದುರಿಗೆ ಬಂದು ನಿಂತಿತು. ಇಲ್ಲೇ ಇರ್ಬೇಕು.

"ಟ್ರೆಸ್ಸಾ, ಈ ಕಾಂಡ ಹಿಡ್ಕೊ. ಕಡೀಬೇಡ. ಹಿಂದಕ್ಕೆ ಹೋಗೋಣ. ಇದು ಎಲ್ಲಿಂದ ಹೊರಟಿದೆ, ನೋಡಬೇಕು."

"ಯಾಕೆ ದೊಡ್ಡಮ್ಮ? ಕಲ್ಲು ಇಲ್ಲೇ ಇದೆಯಲ್ಲ."

"ನಿಮ್ಮಜ್ಜಿ ಒಂದು ಭರಣಿ ಹೂತಿದ್ಲು. ಭರಣಿ ಇಲ್ಲಿಲ್ಲ. ಯಾವತ್ತೂ ಇರ್ಲಿಲ್ಲ. ನಾನು ಯಾರಿಗೂ ಹೇಳ್ಲಿಲ್ಲ."

ಗಾರ್ಲೆಂಡ್ ಮಂಡಿಯೂರಿ, ಒಣಗಿದ ಎಲೆಗಳ ಹಾಸನ್ನು ಕೋಲಿನಿಂದ ಸರಿಸುತ್ತ ಕಾಂಡದ ಹಿಂದೆ ಹೊರಟ. ಪ್ರತಿ ಮೊಳಕ್ಕೂ ನಿಂತು ನೋಡಿ, "ಕೈ, ಕೂದಲಿಲ್ಲ," ಎಂದು ಖಾತ್ರಿ ಮಾಡಿಕೊಂಡೇ ಮುಂದಕ್ಕೆ. ಕಾಂಡ ನೆಲಕ್ಕೆ ಒರಗಿಕೊಂಡು ಹೋಗಿತ್ತು. ಹೋದಂತೆ ದಪ್ಪವಾಯಿತು, ಹೆಬ್ಬೆರಳಿನಷ್ಟು, ಆಮೇಲೆ ಮಣಿಕಟ್ಟಿನಷ್ಟು. ಬೇಲಿಯಿಂದ ಹದಿನಾಲ್ಕು ಅಡಿ ಈಚೆಗೆ, ದೇವದಾರಿನ ಒಂದು ಹಳೆಯ ಮರದ ಬುಡದಲ್ಲಿ, ಅದು ನೆಲದೊಳಕ್ಕೆ ಇಳಿಯಿತು. ಓರ್ಲೀನಾ ಊರು ಬಿಟ್ಟಾಗ ಆ ಮರ ಮೊಣಕಾಲೆತ್ತರದ ಸಸಿ. ಹಳೆಯ ಮರದ ಬೇಲಿ ಹಾದುಹೋಗಿದ್ದು ಅದರ ಪಕ್ಕದಲ್ಲೇ.

"ಬಕೆಟ್ಟು ಇಲ್ಲಿಗೆ ತಾ," ಎಂದಳು. ಕೂರುವುದಕ್ಕಲ್ಲ. ಬಕೆಟ್ಟಿಗೆ ಒಂದು ಕೈ ಊರಿ, ಕೈಕೊಟ್ಟ ಮಂಡಿಯನ್ನು ಪಕ್ಕಕ್ಕೆ ಚಾಚಿ, ನೆಲದ ಮೇಲೇ ಕೂತಳು. ಚೀಲ ತೆಗೆದು ಬರಿಗೈಯಲ್ಲಿ, ಬುಡದ ಸುತ್ತ ಎಲೆಗೊಬ್ಬರ ಕೆದಕಿದಳು. ಎರಡು ಬೆರಳು ಆಳದಲ್ಲಿ ನುಣ್ಣಗಿನದೊಂದು ತಗುಲಿತು. ಕಲ್ಲು ಹಾಗೆ ನುಣ್ಣಗಿರುವುದಿಲ್ಲ. ಅವಳು ಬೆರಳನ್ನು ಅದರ ಗುಂಟ ಓಡಿಸಿದಳು. ಬಾಗಿತು. ಮತ್ತೆ ಬಾಗಿತು. ಒಂದು ಕಡೆ ಬಳ್ಳಿಯ ಬುಡ ದಪ್ಪವಾಗಿ ಅದನ್ನು ಸೀಳಿತ್ತು. ಸೀಳಿನ ಆಚೆ ಮತ್ತೆ ಅದೇ ಅಂಚು. ಭರಣಿ.

ಗಾರ್ಲೆಂಡ್ ಭರಣಿಯ ಕೆಳಗಿನ ಇಳಿಜಾರಿನಲ್ಲಿ ಮಣ್ಣು ಸರಿಸಿದ. ಒಂದು ಗೇಣು ಆಳದಲ್ಲಿ ಚಪ್ಪಟೆ ಕಲ್ಲು, ತೊರೆಯ ನೀರು ಉಜ್ಜಿ ನುಣುಪು ಮಾಡಿದ್ದು. ಅವನು ಅದನ್ನು ಕದಲಿಸಲಿಲ್ಲ. ತೋಳಿನಿಂದ ಮಣ್ಣು ಒರೆಸಿ ಹಿಂದೆ ಸರಿದು ಕೂತ.

ಓರ್ಲೀನಾ ಕಲ್ಲಿನ ಮೇಲೆ ಅಂಗೈ ಇಟ್ಟಳು. "ಇಲ್ಲಿದ್ಯಾ," ಎಂದಳು.

ತುಂಬ ಹೊತ್ತು ಹಾಗೇ ಇದ್ದಳು. ಅತ್ತಳೋ ಇಲ್ಲವೋ, ಟೋಪಿಯ ಅಂಚು ಮುಖ ಮುಚ್ಚಿತ್ತು. ತಲೆಯೆತ್ತಿದಾಗ ಮೊದಲು ಗಾರ್ಲೆಂಡ್‌ನನ್ನೇ ನೋಡಿದಳು. "ನಿನ್ನ ಕಣ್ಣು ಊದಿದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳ್ಬೇಕು ಅಂತ ನಾನು ಯಾವತ್ತೂ ಅಂದ್ಕೊಂಡಿರ್ಲಿಲ್ಲ ಕಣಪ್ಪ."

"ನಾನೂ ಅಂದ್ಕೊಂಡಿರ್ಲಿಲ್ಲ ಅತ್ತೆ," ಎಂದ ಅವನು. "ಇನ್ನೊಂದ್ಸಲ ಬೇಕು ಅಂದ್ರೆ ಬೇರೆಯವ್ರನ್ನ ಕೇಳಿ."

ಟ್ರೆಸ್ಸಾ ಬೇಲಿಯ ಕಡೆ ತಿರುಗಿ ನೋಡುತ್ತಿದ್ದಳು. "ದೊಡ್ಡಮ್ಮ, ಹಂಗಾದ್ರೆ ಇಷ್ಟು ವರ್ಷ ನೀವು ಹೂ ಇಟ್ಟಿದ್ದು ಯಾರಿಗೆ?"

ಮೂವರೂ ಆ ಇನ್ನೊಂದು ಕಲ್ಲನ್ನು ನೋಡಿದರು. ಯಾರಿಗೂ ಗೊತ್ತಿರಲಿಲ್ಲ. ಬಾಯಲ್ಲಿ ಇಟ್ಟುಕೊಂಡಿದ್ದವರು ಯಾರೋ ಎಂದೋ ಹೇಳದೆ ಹೋಗಿದ್ದರು.

"ಯಾರೋ ಮುದುಕಪ್ಪ ಇರ್ಬೇಕು," ಎಂದ ಗಾರ್ಲೆಂಡ್. "ವರ್ಷವರ್ಷ ಗುಲಾಬಿ ಬಣ್ಣದ ಕಾಗದದ ಹೂ ಬರ್ತಿತ್ತಲ್ಲ, 'ಈಯಮ್ಮ ಯಾರಪ್ಪ, ನಾನೇನು ಮಾಡಿದ್ದೆ ಇವಳಿಗೆ' ಅಂತ ತಲೆ ಕೆರ್ಕೊಂಡಿರ್ತಾನೆ."

ಓರ್ಲೀನಾ ನಕ್ಕಳು. ಗೋರಿಗಳ ನಡುವೆ ಹಾಗೆ ನಗಬಾರದೆಂದು ಬಾಯಿ ಮುಚ್ಚಿಕೊಳ್ಳಲು ಕೈಯೆತ್ತಿದವಳು, ಕೈ ಮಣ್ಣಾಗಿದೆಯೆಂದು ಹಾಗೇ ಬಿಟ್ಟಳು. ಟ್ರೆಸ್ಸಾಳಿಗಂತೂ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ತಣ್ಣೀರು, ಸೋಪು ಹಾಕಿ ಮೂವರೂ ಮೂರು ಸಲ ಕೈ ತೊಳೆದರು. ಗಾರ್ಲೆಂಡ್ ನಾಲ್ಕನೆಯ ಸಲವೂ ತೊಳೆದ.

ಶನಿವಾರ ಓರ್ಲೀನಾ ಒಣ ಸೇಬಿನ ಏಳು ಪದರದ ಕೇಕು ಮಾಡಿದಳು. ಮಿಕ್ಕ ಹೊತ್ತಿನಲ್ಲಿ ಇನ್ನೊಂದು ಗೊಂಚಲು ಹೂ ಕತ್ತರಿಸಿ ಮೇಣದಲ್ಲಿ ಅದ್ದಿದಳು, ಈ ಸಲ ನೀಲಿ ಬಣ್ಣದ್ದು. ಭಾನುವಾರ ದಿಬ್ಬದ ಮೇಲೆ ನಲವತ್ತು ಮಂದಿ ಸೇರಿದ್ದರು. ಹಲಗೆಯ ಮೇಜುಗಳ ಮೇಲೆ ಕೋಳಿ, ಮೊಟ್ಟೆ, ಬೀನ್ಸ್, ಕೇಕು. ಹಾಡು ಮುಗಿದ ಮೇಲೆ ಅವಳು ಗಾರ್ಲೆಂಡ್‌ನ ತೋಳು ಹಿಡಿದುಕೊಂಡು ಹಿಂದಿನ ಮೂಲೆಗೆ ಹೋದಳು. ಗುಲಾಬಿ ಬಣ್ಣದ್ದನ್ನು ಭರಣಿಯ ಪಕ್ಕದ ಕಲ್ಲಿಗಿಟ್ಟಳು. ಆಮೇಲೆ ಬೇಲಿಯ ಕಡೆಗೆ ಹದಿನಾಲ್ಕು ಅಡಿ ನಡೆ ಎಂದಳು.

"ಅಲ್ಲಿಗೂ ಇಡ್ತೀರಾ?"

"ಮೂವತ್ತೇಳು ವರ್ಷ ಅವರು ನನ್ನ ಮಗು ಪರವಾಗಿ ಹೂ ತಗೊಂಡ್ರು. ಒಂದಿನಾನೂ ನನ್ನದಲ್ಲ ಅಂತ ವಾಪಸ್ ಕಳಿಸ್ಲಿಲ್ಲ. ಈಗ ಗೊತ್ತಾಯ್ತು ಅಂತ ಬಿಟ್ಬಿಟ್ರೆ ಚೆನ್ನಾಗಿರ್ತದಾ?"

ನೀಲಿ ಹೂವನ್ನು ಆ ಕಲ್ಲಿಗೆ ಇಟ್ಟಳು. ಅಲ್ಲೇ ನಿಂತಿದ್ದ ಚಿಕ್ಕ ಹುಡುಗಿಯೊಬ್ಬಳು ಬೇಲಿಯ ಎಲೆ ಮುಟ್ಟಲು ಹೋದಾಗ, ಗಾರ್ಲೆಂಡ್ ತಡೆಯಲು ಕೈ ಚಾಚಿದವನು, ಬಗ್ಗಿ ಬಳ್ಳಿ ನೋಡಿ, ಕೈ ಹಿಂದಕ್ಕೆಳೆದುಕೊಂಡ. "ಮುಟ್ಟಮ್ಮ, ಪರವಾಗಿಲ್ಲ," ಎಂದ. "ಇದಕ್ಕೆ ಕೈ ಇದೆ, ನೋಡು."

ಸೆಪ್ಟೆಂಬರ್ ಎರಡನೆಯ ವಾರ ಓರ್ಲೀನಾ ಪಾತ್ರೆ ತೊಳೆಯುತ್ತ ತಲೆಯೆತ್ತಿದಳು. ದಿಬ್ಬದ ಮೂಲೆ ಕೆಂಪಾಗಿತ್ತು. ಆದರೆ ಮೊದಲಿನಷ್ಟು ದೊಡ್ಡದಲ್ಲ, ಅರ್ಧಕ್ಕಿಂತ ಕಡಿಮೆ. ನಂಜಿನ ಬಳ್ಳಿಯೂ ಆ ಹೊತ್ತಿಗೇ ಕೆಂಪಾಗುತ್ತದೆ ಎಂದು ಅವಳಿಗೆ ಗೊತ್ತಿದ್ದದ್ದೇ. ಇಷ್ಟು ವರ್ಷ ಅವಳು ನೋಡಿ ಹಿಗ್ಗಿದ ಕೆಂಪಿನಲ್ಲಿ ಎಷ್ಟು ಪಾಲು ಅದರದಿತ್ತೋ. ಈಗ ಉಳಿದಿರುವುದು ಸಣ್ಣದೊಂದು ಗೆರೆ, ದೇವದಾರಿನ ಬುಡದಿಂದ ಹೊರಟು ಬೇಲಿಯವರೆಗೆ. ಅದರಲ್ಲಿ ಒಂದು ಎಲೆಯೂ ಬೇರೆಯವರದಲ್ಲ.

ಅವಳು ಕೈ ಒರೆಸಿಕೊಂಡು ಟ್ರೆಸ್ಸಾಳ ಮನೆಗೆ ಫೋನು ಮಾಡಿದಳು. ಎತ್ತಿದ್ದು ಗಾರ್ಲೆಂಡ್.

"ಕೆಂಪಾಗಿದೆ ಕಣಪ್ಪ," ಎಂದಳು. "ಇಬ್ರೂ ಬನ್ನಿ. ನನ್ನ ಕಿಟಕಿಯಿಂದ ಚೆನ್ನಾಗಿ ಕಾಣ್ತದೆ."